ರವಿವಾರ ನನ್ನ ಹಾಡು, ಶಫೀಕನ ವಿಮರ್ಶೆ

೧೪ ನವೆಂಬರ್, ಶುಕ್ರವಾರ. ಗದಗ.

ನಿದ್ದೆ ಬರುತ್ತಿಲ್ಲ. ಕಾರಣ, ಮೇಲಿನ ಸಾ. ಗಾಯಕ ಶಫೀಕ ಅದನ್ನು ಮುಟ್ಟುವಾಗ ಧ್ವನಿ ಮುಂಡರಗಿ ಬಸ್ಸಿನ ಕಿಟಕಿಯಂತೆ ನಡುಗಿತೆಂದು ಪತ್ರಿಕೆಯ ನನ್ನ ಸಂಗೀತ ಅಂಕಣದಲ್ಲಿ ಬರೆದಿದ್ದೆ. ಇಂದು ಸಂತೆಯಲ್ಲಿ ಸಿಕ್ಕ.

“ರವಿವಾರ ಶಿಗ್ಲಿ ಊರಾಗಿನ ಹಾಡಿನ ಬೈಠಕ್ಕಿಗೆ ಬರ್ರಿ ಸರ. ನೀವು ಹಾಡ್ರಿ, ವಿಮರ್ಶೆ ನಾ ಬರೀತೀನಿ.”

“ಮಿರ್ಚಿ ಖಾರ ಅನ್ನಾಕ ಬಾಣಲಿ ಮುಂದ ಕೂಡ್ರಬೇಕೇನೋ?” ಎಂದೆ. ಸುತ್ತಲಿನವರು ನಕ್ಕರು. ಆ ನಗೆಯ ಹುಮ್ಮಸ್ಸಿನಲ್ಲಿ ಒಪ್ಪಿಯೂ ಬಿಟ್ಟೆ.

ಸಂಜೆ ಹಿತ್ತಲಲ್ಲಿ ಸಾ ಹಿಡಿದು ನೋಡಿದೆ. ಪಕ್ಕದ ಮನೆಯ ದುರಗವ್ವ ಗೋಡೆಯಾಚೆಯಿಂದ ಇಣುಕಿ, “ಯಾರಿಗೆ ಏನಾತ್ರಿ?” ಎಂದಳು.

ಹೆಂಡತಿ ನೀಲಾ ಸಮಾಧಾನ ಹೇಳಿದಳು: “ಹೆದರಬ್ಯಾಡ್ರಿ. ಶಫೀಕ ನಿಮ್ಮಂಗ ಬರಿಯಂಗಿಲ್ಲ. ಹಾಡೂದು ಎಷ್ಟು ತ್ರಾಸು ಅಂತ ಅವಗ ಗೊತ್ತೈತಿ.”

ಬೈದು ಬರೆದರೆ ಉತ್ತರ ಕೊಡಬಲ್ಲೆ. ಮೆತ್ತಗೆ ಬರೆದುಬಿಟ್ಟರೆ…