ಅಂಬಿಗರಹಾಳದ ಕೊನೆಯ ಎಣಿಕೆ

ನಾಲ್ಕನೇ ಸಾಲುಮನೆ
2187ನೇ ಇಸವಿ, ಹುಬ್ಬಿ ಮಳೆ

ಅಂಬಿಗರಹಾಳದ ಹಿರಿಯರಿಗೆ ರೇಣವ್ವ ಮಾಡುವ ಶರಣಾರ್ಥಿ.

ಮೇಲಿನ ಇಸವಿ ನೋಡಿ ಕಣ್ಣುಜ್ಜಿಕೊಳ್ಳಬೇಡಿ, ತಪ್ಪಿ ಬರೆದದ್ದಲ್ಲ. ನಾನು ನಿಮ್ಮ ಮೊಮ್ಮಕ್ಕಳ ಮೊಮ್ಮಗಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಹತ್ತಾರು ಊರುಗಳಿಂದ ಎದ್ದು ಬಂದವರ ನಡುವೆ ಬಾಳಿ ನನ್ನ ಕನ್ನಡವೂ ಕಲಬೆರಕೆಯಾಗಿದೆ.

ನಿಮ್ಮ ಕಾಲದ ಊರನ್ನು ನಾನು ಕಂಡಿಲ್ಲ, ಅಜ್ಜನ ಬಾಯಿಂದ ಕೇಳಿದ್ದೇನೆ. ಪಡುವಣದಿಂದ ಬರುವ ಹೊಳೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸಿನಂತೆ ಊರನ್ನು ಮೂರು ಕಡೆ ಬಳಸಿ ಮೂಡಣಕ್ಕೆ ತಿರುಗುತ್ತಿತ್ತಂತೆ. ಹಿಂದೆ ಹೊಳೆ ದಾಟಲು ಬಂದವರು ನೆರೆ ಇಳಿಯುವತನಕ ತಂಗುತ್ತಿದ್ದ ದಂಡೆಯೇ ಬರಬರುತ್ತ ಊರಾಯಿತು. ಮೊದಲು ಹರಿಗೋಲು ಹಾಕುವ ನಮ್ಮವರು ಬಂದರು, ಆಮೇಲೆ ದಾರಿಹೋಕರಿಗೆ ರೊಟ್ಟಿ ಮಾರುವವರು, ಕಂಬಳಿ ನೇಯುವವರು, ಎತ್ತಿಗೆ ಲಾಳ ಕಟ್ಟುವವರು. ಉತ್ತರಕ್ಕೆ ಎರೆಹೊಲ, ದಕ್ಷಿಣಕ್ಕೆ ಕಲ್ಲುಮಡ್ಡಿಯ ದಿಬ್ಬ. ನಿಮ್ಮ ಕಾಲಕ್ಕೆ ಸೇತುವೆಯಾಗಿ ಹರಿಗೋಲು ಮೂಲೆ ಸೇರಿದ್ದರೂ ಜನ ಮೂರು ಸಾವಿರದ ಆಸುಪಾಸು ಇದ್ದಿರಿ. ಮಂಗಳವಾರದ ಸಂತೆಯಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ ಎಂದು ಅಜ್ಜ ಹೇಳುವಾಗ, ಅಷ್ಟು ಮಂದಿ ಒಂದೇ ಕಡೆ ಏಕೆ ಸೇರುತ್ತಿದ್ದರು ಎಂದು ನಾನು ಕೇಳುತ್ತಿದ್ದೆ.

ಹೊಳೆಯ ತಿರುವಿನ ಮರಳು ಲಾರಿಗಳಲ್ಲಿ ಹೋಗುತ್ತಲೇ ಇತ್ತು. ಅಜ್ಜನ ಎಳವೆಯಲ್ಲಿ ಬಂದ ದೊಡ್ಡ ನೆರೆಯಲ್ಲಿ ಹೊಳೆ ತನ್ನ ಹಳೆಯ ದಾರಿ ಬಿಟ್ಟು ಮಡ್ಡಿಯ ಆಚೆ ಹರಿಯಿತು. ನೀರಿಳಿದ ಮೇಲೆ ಹಿಂದಿರುಗುತ್ತದೆಂದು ಎಲ್ಲರೂ ಕಾದರು, ಹಿಂದಿರುಗಲಿಲ್ಲ. ಒಣಗಿದ ತಿರುವಿಗೆ ನಾವು ಮುರಿಹೊಳೆ ಎನ್ನುತ್ತಿದ್ದೆವು. ಬಾವಿಗಳು ಉಪ್ಪಾದವು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬಾಣಂತನಕ್ಕೂ ಬರದಾದರು. ನನಗೆ ಬುದ್ಧಿ ಬರುವ ಹೊತ್ತಿಗೆ ಓಣಿಗೊಂದೆರಡು ಮನೆಗಳಲ್ಲಷ್ಟೇ ಒಲೆ ಉರಿಯುತ್ತಿತ್ತು.

ನಮ್ಮ ಕಾಲದಲ್ಲಿ ಹೆಸರಿಳಿಕೆ ಎಂಬ ಕಾಯಿದೆಯಿದೆ. ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುತ್ತಾರೆ. ನೂರಕ್ಕಿಂತ ಕಡಿಮೆಯಾದರೆ ಊರಿನ ಹೆಸರನ್ನು ನಕಾಶೆಯಿಂದ ಇಳಿಸಿ, ಕೊಳವೆಯ ನೀರು ನಿಲ್ಲಿಸಿ, ಉಳಿದವರನ್ನು ಗುಡ್ಡದ ಮೇಲಿನ ಸಾಲುಮನೆಗಳಿಗೆ ಸಾಗಿಸುತ್ತಾರೆ. ನನಗೆ ಹತ್ತೊಂಬತ್ತು ತುಂಬಿದ ವರ್ಷ ಎಣಿಕೆ ಬಂತು. ಆಗ ನಾವು ಸರಿಯಾಗಿ ನೂರು ಮಂದಿ ಇದ್ದೆವು. ಆ ನೂರರಲ್ಲಿ ಒಬ್ಬಳಾದ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು.

ಇಡೀ ಊರು ಅವ್ವನ ಆರೈಕೆಗೆ ನಿಂತಿತು. ಊರಿನ ಹಿರಿಯಳಾದ ಶರಣಮ್ಮ ದಿನಾ ಬೆಳಗ್ಗೆ ಗಂಜಿ ತರುತ್ತಿದ್ದಳು. ನಮ್ಮೊಡನೆ ಮಾತು ಬಿಟ್ಟಿದ್ದ ಮನೆಯವರೂ ಬಂದು ಅವ್ವನ ಕಾಲು ಒತ್ತಿದರು. ಅವ್ವ ಒಮ್ಮೆ ನಕ್ಕು ನನಗೆ ಹೇಳಿದಳು: "ಇಷ್ಟ ಮಂದಿ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ದ ಇದ ಮೊದಲು. ಪ್ರೀತಿ ಅನ್ನು, ಲೆಕ್ಕಾ ಅನ್ನು, ಚೊಲೋ ಅನಸತೈತಿ."

ಎಣಿಕೆಯ ಹಿಂದಿನ ದಿನ ಬೆಳಗಿನಲ್ಲಿ ಅವ್ವ ತೀರಿಕೊಂಡಳು.

ನಾನು ಬಾಯಿ ತೆಗೆದು ಅಳುವ ಮೊದಲೇ ಶರಣಮ್ಮ ಒಳಗೆ ಬಂದು ಕದ ಮುಂದೆ ಮಾಡಿದಳು. ಅಪ್ಪನ ಎದುರು ಕೂತು, ಅವನ ಮುಖ ನೋಡದೆ ಹೇಳಿದಳು: "ದ್ಯಾವಣ್ಣಾ, ಒಂದ ದಿನ ತಡಕೋ. ಎಣಿಸಾಕ ಬಂದವರ ಮುಂದ ಆಕಿ ಮಕ್ಕೊಂಡಾಳ ಅನ್ನು. ಆಮ್ಯಾಲ ಎಲ್ಲಾರೂ ಕೂಡಿ ಮಣ್ಣ ಮಾಡೂಣು."

ಅಪ್ಪ ತಲೆಯಾಡಿಸಿದ. ನಾವು ಅವ್ವನ ಮೈಗೆ ಕಂಬಳಿ ಹೊದಿಸಿ ಗೋಡೆಯ ಕಡೆ ಮಗ್ಗುಲಾಗಿಸಿದೆವು. ಆ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅಕ್ಕಪಕ್ಕದವರು ಎಂದಿನಂತೆ ಪಾತ್ರೆ ತೊಳೆದರು, ರೊಟ್ಟಿ ಬಡಿದರು. ನಾನು ಸೆರಗು ಕಚ್ಚಿಕೊಂಡು ನೊಣ ಹೊಡೆಯುತ್ತ ಕೂತಿದ್ದೆ.

ಮರುದಿನ ಬಂದ ಎಣಿಕೆಗಾರ್ತಿ ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಮೆತ್ತಗೆ ಮಾತಾಡುವವಳು. ಅಪ್ಪನ ಹೆಸರು, ನನ್ನ ಹೆಸರು ಬರೆದುಕೊಂಡಳು. ಹಾಸಿಗೆಯತ್ತ ನೋಡಿ, "ಅಮ್ಮಾರಿಗೆ ಆರಾಮಿಲ್ಲೇನ್ರಿ?" ಎಂದಳು.

"ಹೌದ್ರಿ. ಮಕ್ಕೊಂಡಾಳ" ಎಂದ ಅಪ್ಪ.

"ಎಬ್ಬಸಬ್ಯಾಡ್ರಿ. ಹೆಸರಷ್ಟ ಹೇಳ್ರಿ, ಸಾಕು."

ನಮ್ಮಲ್ಲಿ ಗಂಡ ಹೆಂಡಿರು ಒಬ್ಬರ ಹೆಸರನ್ನೊಬ್ಬರು ಹೇಳುವ ರೂಢಿಯಿಲ್ಲ. ಅಪ್ಪ ಅವ್ವನನ್ನು ಕರೆಯಬೇಕಾದರೆ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಿದ್ದ. ನಾನೇ ಹೇಳಿಬಿಡೋಣವೆಂದು ಏಳುವಷ್ಟರಲ್ಲಿ ಅಪ್ಪ ಹಾಸಿಗೆಯ ಕಡೆ ತಿರುಗಿ, "ಹುಲಿಗೆವ್ವ" ಎಂದ. ಮತ್ತೊಮ್ಮೆ, ನಿಜಕ್ಕೂ ಎಬ್ಬಿಸುವವನಂತೆ, "ಹುಲಿಗೆವ್ವಾ" ಎಂದ. ಆಮೇಲೆ ಅವನ ಬಾಯಿಂದ ಬಂದದ್ದು ಮಾತಲ್ಲ. ನೆಲಕ್ಕೆ ಕುಸಿದು, ಅವ್ವನ ಪಾದ ಹಿಡಿದುಕೊಂಡು ಅತ್ತ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೂ ತಡೆಯಲಾಗಲಿಲ್ಲ. ಒಂದು ಮನೆಯಿಂದ ಮತ್ತೊಂದು ಮನೆಗೆ ಅಳು ಹತ್ತಿಕೊಂಡು ಓಣಿಯೆಲ್ಲ ಗೋಳಿಟ್ಟಿತು.

ಎಣಿಕೆಗಾರ್ತಿ ಬಾಗಿಲಲ್ಲಿ ನಿಂತ ಶರಣಮ್ಮನನ್ನು ನೋಡಿ, "ನಾ ಏನಂತ ಬರೀಲಿ?" ಎಂದಳು. ಇದ್ದಾಳೆ ಎಂದು ಬರೆ ಎಂದಿದ್ದರೆ ಆ ಹುಡುಗಿ ಬರೆಯುತ್ತಿದ್ದಳೇನೋ.

ಶರಣಮ್ಮ ಒಳಗೆ ಬಂದು, "ಹೋಗ್ಯಾಳ ಅಂತ ಬರಕೋ ತಂಗಿ. ನಿನ್ನಿಯಿಂದ ಆಕಿಗೆ ಒಂದ ಹನಿ ಕಣ್ಣೀರ ಹಾಕಲಾರದ ಕುಂತೀವಿ. ಇನ್ನ ಆಗಂಗಿಲ್ಲ" ಎಂದಳು.

ಅವ್ವನನ್ನು ಮುರಿಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದೆವು. ಎಣಿಕೆಗಾರ್ತಿಯೂ ಒಂದು ಹಿಡಿ ಮಣ್ಣು ಹಾಕಿದಳು. ಮುಂದಿನ ಬೇಸಿಗೆಯೊಳಗೆ ಹೆಸರು ಇಳಿಯಿತು, ಕೊಳವೆ ನಿಂತಿತು. ನಮ್ಮನ್ನು ಒಂದೇ ಕಡೆ ಇಡಲಿಲ್ಲ. ಎಲ್ಲೆಲ್ಲಿ ಕೋಣೆ ಖಾಲಿಯಿತ್ತೋ ಅಲ್ಲಲ್ಲಿಗೆ ಹಂಚಿದರು. ಶರಣಮ್ಮ ಯಾವ ಸಾಲಿಗೆ ಹೋದಳೋ ನನಗೆ ಗೊತ್ತಾಗಲಿಲ್ಲ. ಊರಿನವರು ಯಾರೂ ಅಪ್ಪನಿಗೆ ಒಂದು ಮಾತು ಅನ್ನಲಿಲ್ಲ. ಆದರೂ ಅವನು ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿ, "ನಾ ಆಕಿ ಹೆಸರ ಹೇಳಬಾರದಿತ್ತು" ಎನ್ನುತ್ತಿದ್ದ. "ಉಣ್ಣಪಾ" ಎನ್ನುತ್ತಿದ್ದೆ ನಾನು.

ಹೋದ ತಿಂಗಳು ಅಪ್ಪನೂ ಹೋದ. ಇಲ್ಲಿ ಗೋಡೆಯ ಗುಂಡಿ ಒತ್ತಿದರೆ ಗಾಡಿ ಬಂದು ಹೆಣ ಒಯ್ಯುತ್ತದೆ. ನಾನು ಒತ್ತಿ, ಕದ ತೆರೆದಿಟ್ಟು ಅತ್ತೆ. ಎದುರು ಕೋಣೆಯ ಮುದುಕಿ, ಈತನಕ ಮಾತೂ ಆಡದವಳು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಬೆನ್ನ ಮೇಲೆ ಕೈಯಿಟ್ಟು, "ಯಾವೂರವ್ವಾ ನಿಮ್ಮದು?" ಎಂದಳು.

"ಅಂಬಿಗರಹಾಳ."

"ಎಲ್ಲಿ ಬರತೈತಿ ಅದು?"

"ಹೊಳಿ ದಂಡ್ಯಾಗ" ಎಂದೆ. ನೀವು ಕಂಡಿದ್ದನ್ನೆಲ್ಲ, ನಾನು ಕಾಣದ್ದನ್ನೆಲ್ಲ, ಈಗಲೂ ಇದ್ದಂತೆಯೇ ಹೇಳುತ್ತ ಹೋದೆ. ಗಾಡಿ ಬರುವವರೆಗೂ ಆಕೆ ಹೂಂಗುಡುತ್ತ ಕೇಳಿದಳು.

ಹಿರಿಯರೇ, ನಿಮ್ಮನ್ನು ಬೇಡುವುದು ಇಷ್ಟೇ. ನಿಮ್ಮ ಓಣಿಯಲ್ಲಿ ಯಾರಾದರೂ ತೀರಿದರೆ ಕೈಯಲ್ಲಿನ ಕೆಲಸ ಬಿಟ್ಟು ಹೋಗಿ, ಹೆಸರು ಹಿಡಿದು ಕರೆದು, ಸಾಕೆನಿಸುವತನಕ ಅಳಿರಿ. ಇನ್ನು ಬರುತ್ತೇನೆ.