ಮಂಜು ಇಳಿದ ಮಧ್ಯಾಹ್ನ

ಅಕ್ಟೋಬರ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಪರದೇಶ ತಲುಪಿದ ಕೂಡಲೇ ಬರೆಯುತ್ತೇನೆ ಎಂದವಳು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೈದುಕೋ, ಆದರೆ ಭಾವನ ಎದುರು ಬೇಡ. ಅವರ ಸೊಂಟನೋವು ಹೇಗಿದೆ? ನಿನ್ನ ಹೊಲಿಗೆ ಅಂಗಡಿಗೆ ಹೊಸ ಹುಡುಗಿ ಸಿಕ್ಕಳೇ?

ಬಾಡಿಗೆಗೆ ಹಿಡಿದ ವ್ಯಾನಿನಲ್ಲೇ ನಮ್ಮ ಒಲೆ, ಹಾಸಿಗೆ, ಸಂಸಾರ ಎಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಒಂದು ದಿನ ಸಮುದ್ರ, ಇನ್ನೊಂದು ದಿನ ಹಿಮದ ಬೆಟ್ಟ. ಕಷ್ಟ ಒಂದೇ. ಮನೆಯಲ್ಲಾದರೆ ಮುನಿಸಿಕೊಂಡು ಅಡುಗೆಮನೆಗೆ ಹೋಗಬಹುದು. ಇಲ್ಲಿ ಎಷ್ಟು ಮುನಿಸಿಕೊಂಡರೂ ನಮ್ಮ ಯಜಮಾನರ ಮೊಣಕಾಲು ನನ್ನ ಮೊಣಕಾಲಿಗೆ ತಗಲುತ್ತದೆ.

ಮುನಿಸೂ ಬಂತು. ಜೀವಮಾನವೆಲ್ಲ ರೈಲುಗಳಿಗೆ ವೇಳಾಪಟ್ಟಿ ಹಾಕಿದ ಮನುಷ್ಯ, ಈಗ ನಮ್ಮ ಪ್ರವಾಸಕ್ಕೂ ಹಾಕಿದ್ದಾರೆ. ಗುರುವಾರ ಬೆಟ್ಟದ ಮೇಲೆ ವ್ಯಾನ್ ನಿಲ್ಲಿಸಿದಾಗ, ಕಾಲುದಾರಿಯಲ್ಲಿ ಹೋದರೆ ಕೆರೆಯೊಂದಿದೆ ಎಂಬ ಫಲಕ ಕಂಡಿತು.

"ನೋಡ್ಕೊಂಡು ಬರೋಣ" ಎಂದೆ.

"ಫೋಟೋ ತೆಗೆದಾಯ್ತಲ್ಲ, ಗಾಡಿ ಹತ್ತು."

"ನಾನು ನೋಡೋಕೆ ಬಂದಿದ್ದು, ಹಾಜರಿ ಹಾಕೋಕಲ್ಲ."

"ಹಾಗಾದ್ರೆ ಒಬ್ಳೇ ಹೋಗು!"

ಹೋದೆ. ಕೆರೆ ಗಾಜಿನ ಹಾಗಿತ್ತು ಅಕ್ಕ. ದಡದಲ್ಲಿ ಕೂತು ಕಾಲು ನೀರಿಗೆ ಬಿಟ್ಟೆ, ಕೋಪವೂ ಇಳಿಯಿತು. ತಿರುಗಿ ನೋಡುವಷ್ಟರಲ್ಲಿ ಬೆಟ್ಟವೇ ಇರಲಿಲ್ಲ. ಅಂಥ ಮಂಜು. ಚಾಚಿದ ಕೈ ನನಗೇ ಕಾಣದು. ತಡವರಿಸಿಕೊಂಡು ವ್ಯಾನ್ ನಿಂತಿದ್ದ ಜಾಗಕ್ಕೆ ಬಂದರೆ ಅಲ್ಲಿ ವ್ಯಾನ್ ಇಲ್ಲ. ಒಂದೇ ಒಂದು ಗಾಡಿಯೂ ಇಲ್ಲ. ದಾರಿ ತಪ್ಪಿ ಬೇರೆಲ್ಲೋ ಬಂದೆನೆಂದು ಮತ್ತೆ ಹಿಂದಕ್ಕೆ ಹೋದೆ. ಜಾರಿ ಬಿದ್ದೆ, ಮೊಣಕಾಲು ಒಡೆಯಿತು. "ರೀ! ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಆ ಪರದೇಶದ ಬೆಟ್ಟದಲ್ಲಿ 'ರೀ' ಎಂದರೆ ಯಾರಿಗೆ ಅರ್ಥವಾಗಬೇಕು? ನಗು ಬಂತು, ಅದರ ಬೆನ್ನಿಗೇ ಅಳು. ಚಳಿಗೆ ಮೈ ಸೆಟೆಯತೊಡಗಿತು.

ಕೊನೆಗೆ ಒಂದು ಟಾರ್ಚಿನ ಬೆಳಕು ಬಂತು. ಅರಣ್ಯ ಕಾವಲಿನ ಹೆಂಗಸು. ಮೇಲೆ ರಸ್ತೆಗೆ ಅಡ್ಡಗಂಬಿ ಹಾಕಲು ಬಂದವಳಿಗೆ ನನ್ನ ಕೂಗು ಕೇಳಿಸಿತ್ತು. ತನ್ನ ಕೋಟು ಹೊದಿಸಿ, ಜೀಪಿನಲ್ಲಿ ಕೂರಿಸಿಕೊಂಡು ಇಳಿಸಿದಳು. ಕೆಳಗಿನ ಗೇಟಿನ ಹೊರಗೆ ನಮ್ಮ ವ್ಯಾನ್ ಇತ್ತು. ಇವರು ಓಡಿಬಂದು ಎಲ್ಲರೆದುರೇ ತಬ್ಬಿಕೊಂಡರು. "ಜೀವ ಬಾಯಿಗೆ ಬಂದಿತ್ತು ಕಣೇ" ಎಂದು ಕಣ್ಣೊರೆಸಿಕೊಂಡರು. ಅವತ್ತು ಚಹಾ ಮಾಡಿದ್ದೂ ಅವರೇ, ಗಾಯಕ್ಕೆ ಪಟ್ಟಿ ಕಟ್ಟಿದ್ದೂ ಅವರೇ.

ಈಗ ಗಾಯ ಒಣಗಿದೆ, ಗಾಬರಿಯಾಗಬೇಡ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ನಿನ್ನ ಕೈ ಹೊಲಿಗೆ ಯಂತ್ರದ ಮೇಲೂ ನನ್ನ ತಲೆಯ ಮೇಲೂ ಹೀಗೇ ಇರಲಿ.

ನಿನ್ನ
ಪುಟ್ಟಿ

ಮರೆತ ಮಾತು: ಲಕೋಟೆ ಅಂಟಿಸಿಬಿಡೋಣ ಎಂದುಕೊಂಡೆ, ಕೈ ಬರಲಿಲ್ಲ. ಜೀಪಿನಲ್ಲಿ ಆ ಹೆಂಗಸು ಒಂದು ಮಾತು ಹೇಳಿದಳು. ಮಂಜು ಕವಿದಾಗ ಎಲ್ಲ ಗಾಡಿಗಳನ್ನೂ ಕೆಳಗೆ ಕಳಿಸಿ, ಗೇಟಿನಲ್ಲಿ ಒಬ್ಬೊಬ್ಬರನ್ನೂ ಕೇಳಿದ್ದಳಂತೆ, ನಿಮ್ಮವರು ಯಾರಾದರೂ ಮೇಲೆ ಉಳಿದಿದ್ದಾರಾ ಎಂದು. ನಮ್ಮ ವ್ಯಾನಿನಲ್ಲಿದ್ದ ಇವರು ಹೇಳಿದ್ದು: "ಇಲ್ಲ, ನಾನೊಬ್ಬನೇ."

ಮೂರು ದಿನ ನುಂಗಿಕೊಂಡಿದ್ದನ್ನು ಇವತ್ತು ಬೆಳಿಗ್ಗೆ ಇವರನ್ನೇ ಕೇಳಿದೆ. "ಹೆಂಡ್ತಿ ಜಗಳ ಮಾಡ್ಕೊಂಡು ಹೋದ್ಲು ಅಂತ ಯಾರೋ ಪರದೇಶದವರ ಮುಂದೆ ಹೇಳ್ಬೇಕಿತ್ತಾ? ನನಗೂ ಮಾನ ಮರ್ಯಾದೆ ಇಲ್ವಾ? ಹೇಗೂ ಇಳಿದು ಬರ್ತೀಯ ಅಂದ್ಕೊಂಡೆ. ಬಂದ್ಯಲ್ಲ!" ಎಂದರು.

ಬರುತ್ತಿದ್ದೇನೆ ಅಕ್ಕ. ನಿನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಗಂಟುಗಳನ್ನು ಸರಿಸಿ ಒಂದು ಮಂಚ ಹಾಕಿಸಿರು. ಒಂದೇ ಸಾಕು.