ಮಡಿಗೂಡಿನಲ್ಲಿಟ್ಟ ಫೋನ್

೨೧ ನವೆಂಬರ್, ಶುಕ್ರವಾರ. ಬೆಳಗ್ಗೆ

ಸ್ನಾನ, ಸಂಧ್ಯಾವಂದನೆ, ಪೂಜೆ ಯಥಾಪ್ರಕಾರ. ಕಾಫಿ ತಡ.

ಮೊಮ್ಮಗ ನಚಿಕೇತ ಇಂದೂ ಕೋಣೆಯಿಂದ ಹೊರಬಂದಿಲ್ಲ. ಇಪ್ಪತ್ಮೂರರ ಹುಡುಗ. ಕೆಲಸ ಬಿಟ್ಟ, ಸ್ನೇಹಿತರನ್ನು ಬಿಟ್ಟ, ಈಗ ಸ್ನಾನವನ್ನೂ. ಬಿಡದಿರುವುದು ರೀಲ್ಸ್ ಒಂದೇ. ಸದರಿ ಸ್ಥಿತಿಯು ಸೋಮಾರಿತನವೆಂದು ಅವನ ತಂದೆ, ಅಂದರೆ ನನ್ನ ಮಗ ವಿಷ್ಣು, ತೀರ್ಮಾನಿಸಿದ್ದಾನೆ. ಈ ತೀರ್ಮಾನಕ್ಕೆ ನನ್ನ ಆಕ್ಷೇಪಣೆಯಿದೆ. ಜೆ.ಪಿ. ನಗರದ ಡಾಕ್ಟರು ಇದು ಖಿನ್ನತೆ, ಕಾಯಿಲೆಯೇ ಎಂದಿದ್ದಾರೆ. ಫೋನ್ ಕಿತ್ತುಕೊಳ್ಳಬೇಡಿ, ಅವನೇ ಒಪ್ಪಿ ದೂರವಿಡಲಿ ಎಂದೂ. ಎರಡನೆಯ ಸಲ ಹೋಗಲು ಅವನು ಒಪ್ಪಿಲ್ಲ...

೨೨ ನವೆಂಬರ್, ಶನಿವಾರ. ಸಂಜೆ

ತಾನಾಗಿಯೇ ಬಂದ. ಫೋನ್ ನನ್ನ ಕೈಗಿತ್ತ.

"ತಾತ, ರಾತ್ರಿ ಹೊತ್ತು ಇದು ನಿಮ್ ಹತ್ರ ಇರ್ಲಿ. ನಾನೇ ಕೇಳಿದ್ರೂ ಸುಲಭಕ್ಕೆ ಕೊಡ್ಬೇಡಿ. ಅಪ್ಪಂಗಂತೂ ಕೊಡ್ಲೇಬೇಡಿ."

ಬೀರುವಿನ ಕೀಲಿ ಎಲ್ಲಿದೆಯೆಂದು ಮನೆಯವರೆಲ್ಲರಿಗೂ ಗೊತ್ತು. ಆದಕಾರಣ ದೇವರ ಮನೆಯಲ್ಲಿ, ಮಡಿಬಟ್ಟೆಯ ಗೂಡಿನಲ್ಲಿ ಇಟ್ಟೆ. ಸ್ನಾನ ಮಾಡಿ ಮಡಿಯುಟ್ಟವರಲ್ಲದೆ ಅಲ್ಲಿಗೆ ಯಾರೂ ಕೈಹಾಕುವಂತಿಲ್ಲ. ನನ್ನ ತಂದೆಯವರ ಕಾಲದ ನಿಯಮ. ವಿಷ್ಣುವೂ ಮೀರಿದವನಲ್ಲ.

೨೩ ನವೆಂಬರ್, ಭಾನುವಾರ

ನಚಿಕೇತ ಬೆಳಗ್ಗೆಯೇ ದೇವರ ಮನೆಯ ಹೊಸ್ತಿಲಲ್ಲಿ ನಿಂತು ಫೋನ್ ಕೇಳಿದ. ಮಿಂದು ಬಂದು ತೆಗೆದುಕೋ ಎಂದೆ. ಬಾಗಿಲು ಬಡಿದು ಕೋಣೆಗೆ ಹೋದ.

ಮಧ್ಯಾಹ್ನ ಬಚ್ಚಲಲ್ಲಿ ನೀರಿನ ಸದ್ದು. ಸೊಸೆ ಶರ್ವಾಣಿ ಒಗ್ಗರಣೆ ಸೀದರೂ ಕೇಳುತ್ತ ನಿಂತಿದ್ದಳು. ಎಷ್ಟೋ ದಿನಗಳ ನಂತರದ ಸ್ನಾನ. ನಾನು ಇದನ್ನು ಯೋಚಿಸಿರಲಿಲ್ಲ. ಆದರೆ ಇನ್ನು ಗೂಡು ಬದಲಿಸುವುದಿಲ್ಲ.

೨೫ ನವೆಂಬರ್, ಮಂಗಳವಾರ. ರಾತ್ರಿ ಊಟಕ್ಕೆ ಮುಂಚೆ

ಫೋನಿನೊಳಗೆ ಏನಿದೆ ನೋಡಿ, ಆಮೇಲೆ ಒಡೆದು ಹಾಕುವುದಾಗಿ ವಿಷ್ಣು ಕೂಗಾಡಿದ. ನಾನು ಒಪ್ಪಲಿಲ್ಲ. ಅವನು ನೇರ ಬಚ್ಚಲಿಗೆ ಹೋಗಿ ಮಿಂದು, ಮಡಿಯುಟ್ಟು, ನೀರು ತೊಟ್ಟಿಕ್ಕುತ್ತ ಬಂದ. ನಿಯಮ ಈಗ ಅವನ ಪರ.

ನಾನು ಆಗಷ್ಟೇ ಜಯನಗರ ಕಾಂಪ್ಲೆಕ್ಸಿನಿಂದ ತರಕಾರಿ ತಂದಿದ್ದೆ. ಬೆವರಿನ ಅಂಗಿ, ಮೈಲಿಗೆ. ಹಾಗೆಯೇ ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತೆ.

"ಜರುಗಿ ಅಪ್ಪ. ಮಡೀಲೇ ಇದೀನಲ್ಲ, ಇನ್ನೇನು?"

"ನಾನು ಮಡೀಲಿಲ್ವಲ್ಲ. ತಗೋಬೇಕು ಅಂದ್ರೆ ನನ್ನ ಮುಟ್ಕೊಂಡೇ ಹೋಗ್ಬೇಕು. ಮುಟ್ಟು."

"ಅವನ್ನ ಹಾಳ್ ಮಾಡ್ತಿರೋದೇ ನೀವು."

"ಹಾಗೇ ಅನ್ಕೋ. ನಂಬಿ ಕೊಟ್ಟಿದಾನೆ. ಕೊಡಲ್ಲ."

ವಿಷ್ಣು ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತ. ಮುಟ್ಟಲಿಲ್ಲ. ನಚಿಕೇತ ಕೋಣೆಯ ಬಾಗಿಲಿಂದ ಎಲ್ಲವನ್ನೂ ನೋಡುತ್ತಿದ್ದ.

೧ ಡಿಸೆಂಬರ್, ಸೋಮವಾರ. ಏಕಾದಶಿ

ಬರೆಯಲಾಗಿರಲಿಲ್ಲ. ವಿಷ್ಣು ಮಾತು ಬಿಟ್ಟಿದ್ದಾನೆ. ಬಿಡಲಿ. ನಚಿಕೇತ ನಡುವೆ ಮತ್ತೆ ಮುಸುಕೆಳೆದು ಮಲಗಿದ, ಫೋನನ್ನೂ ಕೇಳಲಿಲ್ಲ — ಆಗ ಮಾತ್ರ ಹೆದರಿದೆ. ಇದನ್ನು ಈ ದಿನಚರಿಯಲ್ಲಲ್ಲದೆ ಬೇರೆಲ್ಲೂ ಒಪ್ಪಿಕೊಳ್ಳುವುದಿಲ್ಲ.

ಇಂದು ಮಿಂದು ಬಂದ. ಫೋನ್ ತೆಗೆದುಕೊಂಡ. ಕೋಣೆಗೆ ಹೋಗಲಿಲ್ಲ. ಪಕ್ಕದಲ್ಲಿ ಕುಳಿತ.

"ಡಾಕ್ಟ್ರ ಹತ್ರ ಹೋಗ್ಬೇಕು ತಾತ. ಅಪ್ಪ ಬೇಡ. ನೀವ್ ಬರ್ತೀರಾ?"

ಅದೇ ಫೋನಿನಲ್ಲಿ ಆಟೋ ಬುಕ್ ಮಾಡಿದ್ದಾನೆ. ಹಾಲ್‌ನಲ್ಲಿ ವಿಷ್ಣು ಎದ್ದು ಬಾಗಿಲ ಬಳಿ ನಿಂತಿದ್ದಾನೆ. ನಿಲ್ಲಲಿ. ಅಡ್ಡ ನಿಲ್ಲುವುದು ನನಗೂ ಗೊತ್ತು. ಇಸ್ತ್ರಿ ಅಂಗಿ ಹುಡುಕಬೇಕು. ಆಟೋ ಬಂತು, ನಚಿಕೇತ ಕರೆಯುತ್ತಿದ್ದಾನೆ —